ಗೂಡಿನಲ್ಲಿ ಬೆಂದ ಕೋಟೆ

2017ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಒಂದು ಕಟ್ಟಡವನ್ನು ಇಡಿಯಾಗಿ ನೆಲದಿಂದ ಬಿಡಿಸಿ ಪಕ್ಕಕ್ಕೆ ಸರಿಸಿದರು. ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗದ ಕೆಲಸಕ್ಕೆ ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡ ಬಂದಿತ್ತು. ಪುರಾತನ ಸ್ಮಾರಕ, ಕೆಡವುವ ಹಾಗಿಲ್ಲ. ಮಾರ್ಗ ಬದಲಿಸುವುದೂ ಸುಲಭವಿರಲಿಲ್ಲ. ಸುಮಾರು ಒಂದು ಸಾವಿರ ಟನ್ ತೂಕದ ಆ ಕಟ್ಟಡವನ್ನು ಹೈಡ್ರಾಲಿಕ್ ಜಾಕ್‌ಗಳಿಂದ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸಾಗಿಸಿ, ಹೊಸ ಜಾಗದಲ್ಲಿ ಕೂರಿಸಿದರು. ಯಂತ್ರಗಳಿಗೂ ಎಂಜಿನಿಯರುಗಳಿಗೂ ಹೊಗಳಿಕೆ ಸಿಕ್ಕಿತು, ಸಿಗಬೇಕಾದದ್ದೇ. ಆದರೆ ಅಷ್ಟು ಭಾರವನ್ನು ನೆಲದಿಂದ ಮೇಲೆತ್ತಿದಾಗ ಇಟ್ಟಿಗೆ ಇಟ್ಟಿಗೆಯನ್ನು ಬಿಡದೆ ಹಿಡಿದುಕೊಂಡಿದ್ದು ಯಾವುದು? ಇನ್ನೂರಕ್ಕೂ ಹೆಚ್ಚು ವರ್ಷ ಕಾವೇರಿಯ ತೇವವನ್ನು ಕುಡಿದ ಸುಣ್ಣದ ಗಾರೆ.

ಆ ಸುಣ್ಣ ಎಲ್ಲೋ ಒಂದು ಗೂಡಿನಲ್ಲಿ ಬೆಂದು ಬಂದದ್ದು. ನಾವು ಕೋಟೆ ನೋಡಲು ಹೋಗುತ್ತೇವೆ, ಗುಂಬಜ್ ನೋಡುತ್ತೇವೆ, ದರಿಯಾ ದೌಲತ್ ನೋಡುತ್ತೇವೆ, ಸಂಜೆಗೆ ಕನ್ನಂಬಾಡಿ ಕಟ್ಟೆಗೆ ಹೋಗಿ ಬೃಂದಾವನದ ದೀಪ ನೋಡಿ ಬರುತ್ತೇವೆ. ಇವೆಲ್ಲವನ್ನೂ ಅಂಟಿಸಿ ನಿಲ್ಲಿಸಿದ ಸುಣ್ಣದ ಗೂಡನ್ನು ನೋಡಲು ಹೊರಟವರು ತೀರ ಕಡಿಮೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗಿದೆ. ಶ್ರೀರಂಗಪಟ್ಟಣ–ಬನ್ನೂರು ರಸ್ತೆಯ ಅರಕೆರೆಯಿಂದ ಹಿಡಿದು ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದವರೆಗಿನ ಈ ಸೀಮೆಯಲ್ಲಿ ಒಂದು ದಿನವನ್ನು ಸುಣ್ಣಕ್ಕಾಗಿಯೇ ಎತ್ತಿಡಿ ಎಂದು ಓದುಗರನ್ನು ಕೇಳಿಕೊಳ್ಳಲು ಈ ಬರಹ.

ಗೂಡು ಹುಡುಕುವ ಮೊದಲು ಅದರೊಳಗೆ ಏನಾಗುತ್ತಿತ್ತು ಎಂದು ತಿಳಿದಿರಬೇಕು. ಇಲ್ಲದಿದ್ದರೆ ಕಣ್ಣೆದುರಿಗೇ ಇದ್ದರೂ ಅದು ಹಾಳು ಬಾವಿಯೋ ಕುಸಿದ ಕಣಜವೋ ಅನ್ನಿಸಿಬಿಡುತ್ತದೆ.

ನಮ್ಮ ಕಡೆ ಸುಣ್ಣಕ್ಕೆ ಬೆಟ್ಟ ಒಡೆಯಬೇಕಾಗಿರಲಿಲ್ಲ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಬಯಲಿನಲ್ಲಿ ಮಳೆನೀರು ಬಂಡೆಯಲ್ಲಿರುವ ಸುಣ್ಣದ ಅಂಶವನ್ನು ಕರಗಿಸಿಕೊಂಡು ಮಣ್ಣಿಗಿಳಿಯುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ಸಾವಿರಾರು ವರ್ಷ ಹೀಗೇ ನಡೆದು ಮಣ್ಣಿನ ಕೆಳಪದರದಲ್ಲಿ ಬಿಳಿಯ, ಬೂದು ಬಣ್ಣದ ಗಂಟುಗಂಟಾದ ಕಲ್ಲುಗಳು ಕೂಡಿಕೊಳ್ಳುತ್ತವೆ. ಭೂವಿಜ್ಞಾನಿಗಳು ಇದನ್ನು ಕಂಕರ ಎನ್ನುತ್ತಾರೆ, ಹಳ್ಳಿಯವರಿಗೆ ಇದು ಸುಣ್ಣಕಲ್ಲು. ಹಳ್ಳದ ದಂಡೆ ಕುಸಿದಲ್ಲಿ, ಬಾವಿ ತೋಡಿದ ಮಣ್ಣಿನ ಗುಡ್ಡೆಯಲ್ಲಿ, ಆಳಕ್ಕೆ ಉತ್ತ ಹೊಲದಲ್ಲಿ ಇದು ಮೇಲೆ ಬರುತ್ತದೆ. ಅನುಮಾನ ಬಂದರೆ ಒಂದು ನಿಂಬೆಹಣ್ಣು ಸಾಕು. ಕಲ್ಲಿನ ಮೇಲೆ ನಾಲ್ಕು ಹನಿ ಹಿಂಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ. ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಇದಕ್ಕಿಂತ ಒಳ್ಳೆಯ ರಸಾಯನಶಾಸ್ತ್ರದ ಪಾಠ ಸಿಗಲಾರದು.

ಗೂಡು ಎಂದರೆ ಕಲ್ಲು ಮಣ್ಣಿನಿಂದ ಕಟ್ಟಿದ ಒಂದು ಗುಂಡು ಗೋಡೆ. ಮೇಲೆ ಬಾಯಿ ತೆರೆದಿರುತ್ತದೆ, ಬುಡದಲ್ಲಿ ಗಾಳಿ ಆಡುವುದಕ್ಕೂ ಬೆಂದ ಸುಣ್ಣ ಎಳೆದುಕೊಳ್ಳುವುದಕ್ಕೂ ಕಂಡಿಗಳಿರುತ್ತವೆ. ದೊಡ್ಡ ಗೂಡುಗಳನ್ನು ದಿಬ್ಬದ ಇಳಿಜಾರಿಗೆ ಒರಗಿಸಿ ಕಟ್ಟುತ್ತಿದ್ದರು. ಗಾಡಿ ದಿಬ್ಬ ಹತ್ತಿ ಮೇಲಿನಿಂದ ಕಲ್ಲು ಸುರಿಯಬಹುದು, ಕೆಳಗಿನಿಂದ ಸುಣ್ಣ ತೆಗೆಯಬಹುದು. ಒಂದು ವರಸೆ ಸೌದೆ ಅಥವಾ ಇದ್ದಿಲು, ಅದರ ಮೇಲೊಂದು ವರಸೆ ಮುಷ್ಟಿ ಗಾತ್ರಕ್ಕೆ ಒಡೆದ ಕಲ್ಲು, ಮತ್ತೆ ಇದ್ದಿಲು, ಮತ್ತೆ ಕಲ್ಲು. ತುಂಬಿದ ಮೇಲೆ ಬುಡದಿಂದ ಬೆಂಕಿ. ಸಣ್ಣ ಗೂಡಾದರೆ ತಿದಿ ಒತ್ತಿ ಗಾಳಿ ಕೊಡುತ್ತಿದ್ದರು.

ಕಾವು ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕಲ್ಲು ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ನೂರು ಕಿಲೋ ಶುದ್ಧ ಸುಣ್ಣಕಲ್ಲು ಬೆಂದರೆ ಉಳಿಯುವುದು 56 ಕಿಲೋ, ಮಿಕ್ಕ 44 ಕಿಲೋ ಗಾಳಿಯ ಪಾಲು. ಕಲ್ಲು ನೋಡುವುದಕ್ಕೆ ಹಾಗೇ ಇರುತ್ತದೆ, ಕೈಗೆತ್ತಿಕೊಂಡರೆ ಹಗುರ. ಉಷ್ಣಮಾಪಕ ಇಲ್ಲದ ಕಾಲದಲ್ಲಿ ಈ ಹದವನ್ನು ಕಂಡುಹಿಡಿಯುತ್ತಿದ್ದುದು ಬೆಂಕಿಯ ಬಣ್ಣ ನೋಡಿ, ಹೊಗೆ ನೋಡಿ, ತುಂಬಿದ ಕಲ್ಲು ಎಷ್ಟು ಕುಸಿದು ಕೂತಿತು ಎಂದು ನೋಡಿ. ಕಾವು ಸಾಲದೆ ಹೋದರೆ ನಡುವೆ ಹಸಿ ಕಲ್ಲು ಉಳಿಯುತ್ತದೆ. ಹೆಚ್ಚಾದರೆ ಇನ್ನೂ ಕೆಟ್ಟದ್ದು: ಅತಿಯಾಗಿ ಬೆಂದ ಸುಣ್ಣ ನೀರು ಹಾಕಿದಾಗ ಅರಳುವುದಿಲ್ಲ, ಗೋಡೆಗೆ ಬಳಿದು ತಿಂಗಳುಗಳಾದ ಮೇಲೆ ನಿಧಾನವಾಗಿ ಅರಳಿ ಗಿಲಾವನ್ನು ಒಳಗಿನಿಂದ ಸಿಡಿಸುತ್ತದೆ. ಹಳೆ ಮನೆಗಳ ಗೋಡೆಯಲ್ಲಿ ಕಾಸಿನಗಲ ಕಿತ್ತುಹೋದ ಗುಳಿ, ನಡುವೆ ಬಿಳಿ ಚುಕ್ಕೆ ಕಂಡಿದ್ದರೆ ಅದು ಗೂಡಿನಲ್ಲಾದ ತಪ್ಪಿನ ಗುರುತು.

ಬೆಂದ ಸುಣ್ಣಕ್ಕೆ ನೀರು ಹಾಕುವ ಘಳಿಗೆಯನ್ನು ಹತ್ತಿರದಿಂದ ನೋಡಿದವರು ಮರೆಯುವುದಿಲ್ಲ. ಮೊದಲು ಏನೂ ಆಗುವುದಿಲ್ಲ. ಕಲ್ಲು ಸುಮ್ಮನೆ ನೀರು ಹೀರಿಕೊಳ್ಳುತ್ತದೆ. ಒಂದೆರಡು ನಿಮಿಷಕ್ಕೆ ಚಿಟಿಚಿಟಿ ಸದ್ದು, ಮೈತುಂಬ ಬಿರುಕು, ಬಿರುಕಿನಿಂದ ಹಬೆ. ಆಮೇಲೆ ನೀರು ಕೊತಕೊತ ಕುದಿಯುತ್ತದೆ; ಕೆಳಗೆ ಒಲೆಯಿಲ್ಲ, ಬೆಂಕಿಯಿಲ್ಲ. ಗೂಡು ಕೊಟ್ಟ ಕಾವನ್ನು ಕಲ್ಲು ಹಿಡಿದಿಟ್ಟುಕೊಂಡಿದ್ದು ಈಗ ಬಿಟ್ಟುಕೊಡುತ್ತದೆ. ಕಲ್ಲು ಹಿಗ್ಗಿ, ಒಡೆದು, ಕೊನೆಗೆ ಬೆಣ್ಣೆಯಂಥ ಮುದ್ದೆಯಾಗುತ್ತದೆ. ಇದನ್ನು ಗುಂಡಿಯಲ್ಲಿ ನೀರು ಮುಚ್ಚಿ ಇಟ್ಟಷ್ಟೂ ಒಳ್ಳೆಯದು. ಮೂರು ವರ್ಷಕ್ಕಿಂತ ಕಡಿಮೆ ಹಳತಾದ ಸುಣ್ಣವನ್ನು ಕಟ್ಟಡಕ್ಕೆ ಬಳಸಬಾರದೆಂದು ಹಳೆಯ ಕಾಲದ ರೋಮನರಲ್ಲಿ ಕಾನೂನೇ ಇತ್ತೆಂದು ರೋಮನ್ ಬರಹಗಾರ ಪ್ಲೀನಿ ಬರೆದಿಟ್ಟಿದ್ದಾನೆ.

ಗೋಡೆಗೆ ಸೇರಿದ ಮೇಲೆ ಸುಣ್ಣ ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ಮತ್ತೆ ಎಳೆದುಕೊಂಡು ಕಲ್ಲಾಗುತ್ತದೆ. ಗೂಡಿನಲ್ಲಿ ಬಿಟ್ಟದ್ದನ್ನು ಗೋಡೆಯಲ್ಲಿ ವರ್ಷಗಟ್ಟಲೆ ಮರಳಿ ಪಡೆಯುತ್ತದೆ. ಆದರೆ ಇದಕ್ಕೆ ಗಾಳಿ ಬೇಕು; ನೀರಿನಡಿಯ ಕಟ್ಟಡಕ್ಕೆ ಬರಿಯ ಸುಣ್ಣ ಸಾಲದು. ಅಲ್ಲಿ ಬೇಕಾದದ್ದು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಬೆಂದ ಜೇಡಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾ ಸುಣ್ಣದೊಡನೆ ಸೇರಿ ನೀರಿನೊಳಗೂ ಗಟ್ಟಿಯಾಗುತ್ತವೆ. ರೋಮನರು ಇದಕ್ಕೆ ಜ್ವಾಲಾಮುಖಿಯ ಬೂದಿ ಬಳಸಿದರು, ನಮ್ಮವರು ಇಟ್ಟಿಗೆ ಕುಟ್ಟಿದರು.

ಕನ್ನಂಬಾಡಿ ಕಟ್ಟೆ ನಿಂತಿರುವುದು ಈ ಸುರ್ಕಿ ಗಾರೆಯ ಮೇಲೆ. 1911ರಲ್ಲಿ ಕೆಲಸ ಶುರುವಾದಾಗ ಸಿಮೆಂಟನ್ನು ಹೊರದೇಶದಿಂದ ಹಡಗಿನಲ್ಲಿ ತರಿಸಬೇಕಾಗಿತ್ತು. ಪೋರಬಂದರಿನ ಸಿಮೆಂಟ್ ಕಾರ್ಖಾನೆ ಉತ್ಪಾದನೆ ತೊಡಗಿದ್ದು 1914ರಲ್ಲಿ. ಅಷ್ಟು ಹಣ ಸುರಿಯುವ ಬದಲು ವಿಶ್ವೇಶ್ವರಯ್ಯನವರೂ ಅವರ ಜೊತೆಯ ಎಂಜಿನಿಯರುಗಳೂ ನಾಡಿನ ಸುಣ್ಣವನ್ನೇ ನಂಬಿದರು. ಅದು ಕುರುಡು ಧೈರ್ಯವಲ್ಲ. ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟು ಸುಣ್ಣದ ಗಾರೆಯಲ್ಲೇ 1907ರಲ್ಲಿ ಮುಗಿದಿತ್ತು, ಮುಲ್ಲಪೆರಿಯಾರ್ 1895ರಲ್ಲಿ. ಕನ್ನಂಬಾಡಿಯ ಉದ್ದ 8,600 ಅಡಿ, ಎತ್ತರ 130 ಅಡಿ. ಅಷ್ಟು ಉದ್ದಕ್ಕೆ, ಅಷ್ಟು ಎತ್ತರಕ್ಕೆ ಒಂದೊಂದು ಕಲ್ಲಿನ ಕೆಳಗೂ ಒಂದೊಂದು ಹಲಗೆ ಗಾರೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ. ಸುಮಾರು ಹತ್ತು ಸಾವಿರ ಜನ ದುಡಿದ ಜಾಗ ಅದು, ಮಲೇರಿಯಾಕ್ಕೆ ಬಲಿಯಾದವರೂ ಅವರಲ್ಲಿದ್ದರು. ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದೆಂದು ಹೈಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿದಾಗ ಕಟ್ಟೆಗೆ ಅಪಾಯವೆಂದು ಬೇಬಿ ಬೆಟ್ಟದ ಕಲ್ಲುಗಣಿಗಳ ಸಿಡಿತವನ್ನು ವರ್ಷಗಟ್ಟಲೆ ವಿರೋಧಿಸಿದ್ದ ಪಾಂಡವಪುರದ ಕಡೆಯ ರೈತರು ನಿಟ್ಟುಸಿರು ಬಿಟ್ಟರು. ಅವರು ಕಾಯುತ್ತಿರುವುದು ನೀರನ್ನು ಮಾತ್ರವಲ್ಲ, ಈ ಗಾರೆಯನ್ನೂ.

ಗಾರೆ ಅರೆಯುತ್ತಿದ್ದುದು ಗಾಣದಲ್ಲಿ. ನೆಲದಲ್ಲಿ ವೃತ್ತಾಕಾರದ ಕಲ್ಲಿನ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಗಾಲಿ, ನಡುವೆ ಗೂಟ, ಸುತ್ತುವ ಎತ್ತು. ಸುಣ್ಣ, ಮರಳು, ಸುರ್ಕಿ ಗಂಟೆಗಟ್ಟಲೆ ಅರೆದು ಒಂದಾಗಬೇಕು. ಅವಸರ ಮಾಡಿದ ಗಾರೆ ಮೂರೇ ಮಳೆಗಾಲಕ್ಕೆ ಉದುರುತ್ತದೆ. ನಯವಾದ ಗಿಲಾವಿಗೆ ಅಳಲೆಕಾಯಿಯ ನೀರು, ಬೆಲ್ಲದ ನೀರು ಬೆರೆಸುತ್ತಿದ್ದರು.

ಬೆಲ್ಲ ಎಂದ ಕೂಡಲೇ ಅರಕೆರೆಗೆ ಬರಬೇಕು. ನಾಲೆಯ ನೀರು, ಭತ್ತ, ಕಬ್ಬು ಇರುವ ಈ ಹೋಬಳಿಯಲ್ಲಿ ಸುಣ್ಣದ ಇನ್ನೊಂದು ಮುಖವನ್ನು ಆಲೆಮನೆಯಲ್ಲಿ ನೋಡಬಹುದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಅಳತೆ ನೋಡಿ ಸುಣ್ಣದ ತಿಳಿ ಬಿಡುತ್ತಾರೆ. ಹಾಲಿನ ಹುಳಿ ಮುರಿಯುತ್ತದೆ, ಕೊಳೆ ಮಡ್ಡಿಯಾಗಿ ಮೇಲಕ್ಕೆ ಬರುತ್ತದೆ, ಜಾಲರಿಯಲ್ಲಿ ಎತ್ತಿ ಹೊರಗೆ ಹಾಕುತ್ತಾರೆ. ಸುಣ್ಣ ಕಡಿಮೆಯಾದರೆ ಅಚ್ಚು ಗಟ್ಟಿಯಾಗಿ ನಿಲ್ಲುವುದಿಲ್ಲ, ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. 1933ರಲ್ಲಿ ಹುಟ್ಟಿದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯಂಥ ಕಾರ್ಖಾನೆಗಳಿಗೂ ರಸ ತಿಳಿಗೊಳಿಸಲು ಸುಣ್ಣವೇ ಬೇಕು. ಹೀಗೆ ಸುಣ್ಣ ಬೆಲ್ಲಕ್ಕೆ ಹೋಯಿತು, ಬೆಲ್ಲ ಗಾರೆಗೆ ಹೋಯಿತು. ಇದರ ಜೊತೆಗೆ ಎಲೆ ಅಡಿಕೆಯ ಸುಣ್ಣ, ಯುಗಾದಿಗೂ ಮಾರ್ನಮಿಗೂ ಮನೆಗೆ ಬಳಿಯುವ ಸುಣ್ಣ. ಕೋಟೆ ಕಟ್ಟುವ ರಾಜ ಇರಲಿ, ಇಲ್ಲದಿರಲಿ, ಸುಣ್ಣ ಸುಡುವವರಿಗೆ ಕೆಲಸ ತಪ್ಪುತ್ತಿರಲಿಲ್ಲ.

ಆ ಕೆಲಸ ಮಾಡಿದವರು ಸುಣ್ಣಗಾರರು, ಉಪ್ಪಾರರು. ಮೈಸೂರಿನಲ್ಲಿ ಸುಣ್ಣದಕೇರಿ ಎಂಬ ಬಡಾವಣೆಯೇ ಇದೆ. ಹಸಿ ಸುಣ್ಣ ಅಂಗೈ ಚರ್ಮವನ್ನು ತಿನ್ನುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗುತ್ತದೆ. ಚಳಿಗೆ ಗೂಡಿನ ಅಂಚಿನಲ್ಲಿ ಮಲಗಿದವರು ವಿಷಗಾಳಿಗೆ ಸಿಕ್ಕಿ ಮೇಲೇಳದೆ ಹೋದ ಘಟನೆಗಳು ಇಂಗ್ಲೆಂಡಿನ ಹಳೆಯ ದಾಖಲೆಗಳಲ್ಲಿ ಎಷ್ಟೋ ಇವೆ. ಗೂಡಿನ ಮುಂದೆ ದುಡಿದು ಸುಣ್ಣವಾದ ಈ ಜನರ ಹೆಸರನ್ನು ಯಾವ ಶಾಸನವೂ ಕೆತ್ತಿಲ್ಲ.

ಇನ್ನು ಹೊರಡೋಣ. ಮೊದಲ ನಿಲುಗಡೆ ಗೂಡಲ್ಲ, ಶ್ರೀರಂಗಪಟ್ಟಣದ ಕೋಟೆ. ಗೋಡೆ ಒಡೆದಿರುವ ಕಡೆ ನಿಂತು ಗಾರೆಯನ್ನು ಹತ್ತಿರದಿಂದ ನೋಡಿ. ಮುಟ್ಟುವುದೂ ಬೇಡ, ಕೆರೆಯುವುದೂ ಬೇಡ. ಕೆಂಪು ಚೂರು ಕಂಡರೆ ಅದು ಇಟ್ಟಿಗೆ. ಅಲ್ಲಲ್ಲಿ ಅಕ್ಕಿಕಾಳಿನಷ್ಟು ಬಿಳಿ ಉಂಡೆ ಇದ್ದರೆ ಗಾಣದಲ್ಲಿ ಪೂರ್ತಿ ಅರೆಯದೆ ಉಳಿದ ಸುಣ್ಣ. ಕಣ್ಣು ಪಳಗಿದರೆ ಕಪ್ಪು ಚುಕ್ಕೆಯೂ ಸಿಗಬಹುದು: ಗೂಡಿನ ಇದ್ದಿಲು, ಸುಣ್ಣದ ಜೊತೆಗೇ ಗೋಡೆಯೊಳಕ್ಕೆ ಬಂದದ್ದು. ಇಂಥ ಇದ್ದಿಲ ಚೂರಿನಿಂದ ಹಳೆ ಕಟ್ಟಡಗಳ ಕಾಲ ನಿರ್ಣಯಿಸುವ ವಿದ್ಯೆ ವಿಜ್ಞಾನಿಗಳಿಗೆ ಗೊತ್ತು. ಗೂಡು ಅಳಿದರೂ ಅದರ ಬೆಂಕಿಯ ತುಣುಕು ಗೋಡೆಯಲ್ಲಿ ಹಾಗೇ ಇದೆ.

ದರಿಯಾ ದೌಲತ್ ಅರಮನೆಯಲ್ಲಿ ಸುಣ್ಣ ಬೇರೆಯೇ ಕತೆ ಹೇಳುತ್ತದೆ. ಅಲ್ಲಿನ ಗೋಡೆಯ ಮೇಲಿರುವ ಪೊಳ್ಳಿಲೂರು ಯುದ್ಧದ ಚಿತ್ರಗಳಿಗೆ ಸುಣ್ಣದ ಗಿಲಾವೇ ನೆಲ. 1799ರ ಮುತ್ತಿಗೆಗೆ ಮೊದಲು ಚಿತ್ರಗಳನ್ನು ಅಳಿಸಲಾಗಿತ್ತು; ಮುತ್ತಿಗೆಯ ನಂತರ ಅಲ್ಲೇ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಮತ್ತೆ ಬರೆಸಿದ. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ ಬಂದಾಗ ಅವುಗಳ ಮೇಲೆ ಅರೆಬರೆ ಸುಣ್ಣ ಬಳಿದಿತ್ತು, ಅವನೂ ಜೀರ್ಣೋದ್ಧಾರ ಮಾಡಿಸಿದ. ಚಿತ್ರವನ್ನು ಹೊತ್ತದ್ದೂ ಸುಣ್ಣ, ಮರೆಮಾಡಿದ್ದೂ ಸುಣ್ಣ. ನಾಡಿನ ಎಷ್ಟೋ ಹೊಯ್ಸಳ ಶಿಲ್ಪಗಳಿಗೆ ಭಕ್ತಿಯಿಂದಲೇ ದಪ್ಪ ಸುಣ್ಣ ಬಳಿದಿದ್ದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಅದಕ್ಕಿಂತ ಹೆಚ್ಚಿನ ಸಂಕಟ ಸಿಮೆಂಟಿನದು. ಸುಣ್ಣದ ಗೋಡೆ ನೀರನ್ನು ಹೀರುತ್ತದೆ, ಬಿಸಿಲಿಗೆ ಹೊರಗೆ ಬಿಡುತ್ತದೆ. ಕೂದಲೆಳೆಯ ಬಿರುಕು ಬಿಟ್ಟರೆ ಮಳೆನೀರು ಒಂದಿಷ್ಟು ಸುಣ್ಣವನ್ನು ಕರಗಿಸಿ ಬಿರುಕಿನಲ್ಲೇ ಮತ್ತೆ ಹೆಪ್ಪುಗಟ್ಟಿಸುತ್ತದೆ, ಗಾಯ ತಾನಾಗಿ ಕೂಡಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವಕ್ಕೆ ದಾರಿ ಮುಚ್ಚುತ್ತದೆ. ಉಪ್ಪು ಹಳೆಯ ಇಟ್ಟಿಗೆಯೊಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗೆ ಸಿಮೆಂಟ್ ಗಟ್ಟಿಯಾಗಿ ನಿಂತಿರುತ್ತದೆ, ಒಳಗೆ ಗೋಡೆ ಸತ್ತಿರುತ್ತದೆ. ಊರಿನ ಗುಡಿಯ ಗೋಪುರ, ಕೆರೆಯ ತೂಬು, ಹಳೆ ಶಾಲೆಯ ತಾರಸಿ, ಎಲ್ಲಕ್ಕೂ ಇದೇ ಚಿಕಿತ್ಸೆ ನಡೆಯುತ್ತಿದೆ, ಅದೂ ಒಳ್ಳೆಯ ಮನಸ್ಸಿನಿಂದ. ಸುಣ್ಣದಲ್ಲೇ ದುರಸ್ತಿ ಮಾಡಿಸೋಣ ಎಂದು ಪಂಚಾಯಿತಿಯವರು ಮನಸ್ಸು ಮಾಡಿದರೂ ಹದವಾಗಿ ಬೆಂದ ಸುಣ್ಣ ಎಲ್ಲಿ, ಅರೆಯುವವರು ಯಾರು ಎಂಬ ಪ್ರಶ್ನೆ ಎದುರಾಗುತ್ತದೆ. ಹಾಳುಬಿದ್ದ ಗೂಡುಗಳನ್ನು ನೋಡಲು ಹೋಗಬೇಕು ಎನ್ನುವುದು ಇದಕ್ಕಾಗಿಯೇ: ಅವುಗಳ ಅಳತೆ, ಅವುಗಳ ಕಂಡಿ, ಅವುಗಳಿಗೆ ಕಲ್ಲು ತಂದ ಹಳ್ಳ ಗೊತ್ತಾದರೆ ಈ ಕಟ್ಟಡಗಳಿಗೆ ಒಗ್ಗುವ ಸುಣ್ಣ ಯಾವುದೆಂದು ತಿಳಿಯುತ್ತದೆ.

ಹುಡುಕಲು ಒಳ್ಳೆಯ ಕಾಲ ಸಂಕ್ರಾಂತಿಯಿಂದ ಯುಗಾದಿಯವರೆಗೆ. ಗಿಡಗಂಟಿ ಒಣಗಿ ನೆಲದ ಆಕಾರ ಕಾಣುತ್ತದೆ. ಕಟ್ಟೆಯಲ್ಲಿ ಕೂತ ಹಿರಿಯರ ಹತ್ತಿರ ಹೋಗಿ “ತಾತ, ನಿಮ್ಮೂರಲ್ಲಿ ಸುಣ್ಣದ ಗೂಡು ಎಲ್ಲಿತ್ತು?” ಎಂದು ನೇರವಾಗಿ ಕೇಳಿ. ನಕ್ಷೆ, ಪುಸ್ತಕಗಳಿಗಿಂತ ಇದು ಬೇಗ ಫಲ ಕೊಡುತ್ತದೆ. ಬಾಗಲಕೋಟೆ ಕಡೆಯವರಾದರೆ ಭಟ್ಟಿ ಎಂದು ಕೇಳಬೇಕು, ಕರಾವಳಿಯಲ್ಲಾದರೆ ಚಿಪ್ಪು ಸುಡುವ ಗೂಡು. ಹಳ್ಳಕ್ಕೆ ಹತ್ತಿರ, ಗಾಡಿದಾರಿಗೆ ಹತ್ತಿರ, ಊರಿಗೆ ಸ್ವಲ್ಪ ದೂರ, ಇಳಿಜಾರಿನ ಪಕ್ಕ ಕಣ್ಣಾಡಿಸಿ. ಗುಂಡನೆಯ ಗುಳಿಯ ಒಳಗೋಡೆ ಕಾವಿಗೆ ಕರಗಿ ಕಪ್ಪು ಹಸಿರು ಗಾಜಿನಂತೆ ಮಿನುಗುತ್ತಿದ್ದರೆ, ಬುಡದಲ್ಲಿ ಬೂದಿ ಮಣ್ಣು, ಸುತ್ತ ಹಸಿ ಬಿಸಿ ಬೆಂದ ಬಿಳಿ ಕಲ್ಲಿನ ಚೂರುಗಳಿದ್ದರೆ ಗೂಡು ಸಿಕ್ಕಿತು. ಗಾಣದ ಕಲ್ಲಿನ ಗಾಲಿ ಕೆಲವೊಮ್ಮೆ ಹೊಲದ ಬದುವಿನಲ್ಲೋ ಗುಡಿಯ ಮುಂದೆ ಕೂರುವ ಕಲ್ಲಾಗಿಯೋ ಇರುತ್ತದೆ, ಬೀಸುವ ಕಲ್ಲಿಗಿಂತ ಬಹಳ ದೊಡ್ಡದು, ನಡುವೆ ತೂತು. ಹೊಲದವರ ಅಪ್ಪಣೆ ಇಲ್ಲದೆ ಕಾಲಿಡಬೇಡಿ. ಗೂಡಿನ ಅಂಚಿನ ಮೇಲೆ ನಿಲ್ಲಬೇಡಿ, ಹಳೆ ಮಣ್ಣುಗಾರೆ ಯಾವಾಗ ಕುಸಿಯುತ್ತದೋ ಹೇಳಲಾಗದು. ಒಳಗೆ ಹಾವು ಇದ್ದೇ ಇರುತ್ತದೆ ಎಂದುಕೊಂಡೇ ಹೋಗಿ.

ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದಲ್ಲಿ 1860ರ ದಶಕದ ಸುಣ್ಣದ ಗೂಡುಗಳನ್ನು ಅಲ್ಲಿನ ನ್ಯಾಷನಲ್ ಟ್ರಸ್ಟ್ ಕಾಪಾಡಿಕೊಂಡು ಬಂದಿದೆ. ಪಕ್ಕದಲ್ಲೇ ಹಳೆಯ ಕೋಟೆಯಿದೆ. ಕೋಟೆ ನೋಡಲು ಬಂದವರು ಗೂಡಿನ ಕಮಾನುಗಳ ಕೆಳಗೂ ನಡೆದು ಹೋಗುತ್ತಾರೆ. ಶ್ರೀರಂಗಪಟ್ಟಣದ ಕೋಟೆಗೂ ಕನ್ನಂಬಾಡಿಗೂ ಬರುವ ಜನಸಾಗರಕ್ಕೆ ಅಂಥ ಒಂದು ಗೂಡು, ಒಂದು ಗಾರೆ ಗಾಣ, ಅದನ್ನು ನಡೆಸಿ ತೋರಿಸುವ ಇಬ್ಬರು ಕೆಲಸಗಾರರು ಇದ್ದರೆ ಸಾಕು. ಅಲ್ಲೇ ಬೆಂದ ಸುಣ್ಣ ಸುತ್ತಲಿನ ಸ್ಮಾರಕಗಳ ದುರಸ್ತಿಗೂ ಆದೀತು. ರಾಜ್ಯ ಪುರಾತತ್ವ ಇಲಾಖೆ ಗ್ರಾಮವಾರು ಸರ್ವೇಕ್ಷಣೆಯಲ್ಲಿ ಗುಡಿ, ಶಾಸನ, ವೀರಗಲ್ಲುಗಳನ್ನು ಪಟ್ಟಿ ಮಾಡುತ್ತದೆ. ಆ ಪಟ್ಟಿಗೆ ಸುಣ್ಣದ ಗೂಡು, ಗಾರೆ ಗಾಣ ಎಂಬ ಎರಡು ಕಲಂ ಸೇರಲಿ.

ಅಲ್ಲಿಯವರೆಗೆ ಈ ಕೆಲಸವನ್ನು ಹೋದವರೇ ಮಾಡಬಹುದು. ಗೂಡು ಸಿಕ್ಕರೆ ಪಕ್ಕದಲ್ಲಿ ಒಂದು ಕೋಲು ನಿಲ್ಲಿಸಿ ಫೋಟೋ ತೆಗೆಯಿರಿ, ಅಗಲ ಆಳ ಅಳೆಯಿರಿ. ಕಲ್ಲು ಯಾವ ಹಳ್ಳದಿಂದ ಬರುತ್ತಿತ್ತು, ಸೌದೆ ಎಲ್ಲಿಯದು, ಕೊನೆಯ ಗೂಡು ಯಾವ ವರ್ಷ ಉರಿಯಿತು, ಆ ಸುಣ್ಣ ಯಾವ ಗುಡಿಗೆ, ಯಾವ ಮನೆಗೆ, ಯಾವ ತೂಬಿಗೆ ಹೋಯಿತು ಎಂದು ಕೇಳಿ ಬರೆದುಕೊಳ್ಳಿ. ಸುಟ್ಟವರ ಮನೆತನದವರು ಊರಲ್ಲಿದ್ದರೆ, ಅವರು ಒಪ್ಪಿದರೆ, ಹೆಸರನ್ನೂ ಬರೆಯಿರಿ. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಇನ್ನೊಂದು ಮೈಸೂರಿನ ಪುರಾತತ್ವ ಇಲಾಖೆಯ ಕಚೇರಿಗೆ ಕೊಡಿ.